ಹ್ಯಾಲೋವೀನ್ ಸಂಜೆ ಮನೆಗೆ ಬರುವ ಮಕ್ಕಳನ್ನು ಎಷ್ಟರಮಟ್ಟಿಗೆ ಹೆದರಿಸಬಹುದು?

ಪ್ರಶ್ನೆ: ನಾವು ಬೆಂಗಳೂರಿನಿಂದ ನ್ಯೂಜೆರ್ಸಿಗೆ ಬಂದು ಹೆಚ್ಚು ಕಾಲವಾಗಿಲ್ಲ. ಈ ಸಲ, ಮಕ್ಕಳು ವೇಷ ತೊಟ್ಟು ಮನೆಮನೆಗೆ ಹೋಗುವ ಹ್ಯಾಲೋವೀನ್‌ಗೆ ಮನೆಯ ಮುಂದೆ ದೆವ್ವದ ಅಲಂಕಾರ ಮಾಡಿ, ಮಿಠಾಯಿ ಕೇಳಲು ಬಂದವರನ್ನು ಬೆಚ್ಚಿಬೀಳಿಸಬೇಕೆಂದು ಹೈಸ್ಕೂಲಿನಲ್ಲಿರುವ ಮಗ ಹಟ ಹಿಡಿದಿದ್ದಾನೆ. ಬರುವವರಲ್ಲಿ ಪುಟ್ಟ ಮಕ್ಕಳೂ ಇರುತ್ತಾರಲ್ಲ? ಯಾರಿಗೂ ಪೆಟ್ಟಾಗದಂತೆ, ಯಾರ ಮನಸ್ಸೂ ನೋಯದಂತೆ ಇದನ್ನು ಮಾಡುವುದು ಹೇಗೆ?

ಉತ್ತರ: ಖಂಡಿತ ಮಾಡಬಹುದು. ಮಗನ ಉತ್ಸಾಹಕ್ಕೆ ತಣ್ಣೀರೆರಚಬೇಕಾಗಿಲ್ಲ. ಅಕ್ಟೋಬರ್ 31ರ ಸಂಜೆ ಅಮೆರಿಕದ ಬಡಾವಣೆಗಳಲ್ಲಿ ಮನೆಯ ಮುಂದಿನ ದೀಪ ಉರಿಯುತ್ತಿದ್ದರೆ ‘ಬನ್ನಿ’ ಎಂದೂ, ಆರಿದ್ದರೆ ‘ಈ ಮನೆಯ ಬಾಗಿಲು ತಟ್ಟಬೇಡಿ’ ಎಂದೂ ಎಲ್ಲರೂ ತಿಳಿದುಕೊಳ್ಳುತ್ತಾರೆ. ಆದರೆ ಆ ದೀಪ ನೋಡಿ ಬರುವ ಮಗು ಮಿಠಾಯಿಗೆ ಒಪ್ಪಿ ಬಂದಿರುತ್ತದೆಯೇ ಹೊರತು ಹೆದರಿಕೆಗೆ ಒಪ್ಪಿ ಬಂದಿರುವುದಿಲ್ಲ. ಟಿಕೆಟ್ ಕೊಂಡು ಭೂತಬಂಗಲೆಯೊಳಗೆ ಹೋಗುವ ಕಾಲೇಜು ಹುಡುಗನಿಗೂ, ಅಪ್ಪನ ಕೈ ಹಿಡಿದು ನಿಮ್ಮ ಬಾಗಿಲಿಗೆ ಬರುವ ಐದು ವರ್ಷದ ಹುಡುಗಿಗೂ ಇರುವ ವ್ಯತ್ಯಾಸ ಇದೇ. ಆದ್ದರಿಂದ ಹೆದರಿಕೆ ದೂರದಿಂದಲೇ ಕಣ್ಣಿಗೆ ಬೀಳುವಂತಿರಬೇಕು ಮತ್ತು ಬೇಡವೆನಿಸಿದವರಿಗೆ ಅದರ ಹತ್ತಿರವೂ ಸುಳಿಯದೆ ಮಿಠಾಯಿ ತೆಗೆದುಕೊಂಡು ಹೋಗಲು ದಾರಿಯಿರಬೇಕು. ಈ ಎರಡನ್ನು ಒದಗಿಸಿದರೆ ಉಳಿದದ್ದರಲ್ಲಿ ನಿಮಗೆ ಸಾಕಷ್ಟು ಸ್ವಾತಂತ್ರ್ಯವಿದೆ.

ಮೊದಲು ಜಾಗದ ವಿಚಾರ. ಬೆಚ್ಚಿಬಿದ್ದ ಮಗು ಯೋಚಿಸಿ ಓಡುವುದಿಲ್ಲ. ಎದುರಿಗೆ ಕಂಡದ್ದಕ್ಕೆ ಬೆನ್ನು ಹಾಕಿ, ಬಂದ ದಾರಿಯಲ್ಲೇ ವಾಪಸು ಓಡುತ್ತದೆ. ನಿಮ್ಮ ಮನೆಯ ಮಟ್ಟಿಗೆ ಆ ದಾರಿ ಎಂದರೆ ಮೆಟ್ಟಿಲು, ಡ್ರೈವ್‌ವೇ, ಅದರಾಚೆಗೆ ರಸ್ತೆ. ‘ಜಾಮಾ ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 1975ರಿಂದ 2016ರವರೆಗಿನ ಅಮೆರಿಕದ ಅಪಘಾತ ದಾಖಲೆಗಳನ್ನು ಪರಿಶೀಲಿಸಿತು. ಒಂದು ವಾರ ಹಿಂದಿನ ಮತ್ತು ಒಂದು ವಾರ ಮುಂದಿನ ಸಂಜೆಗಳಿಗೆ ಹೋಲಿಸಿದರೆ ಹ್ಯಾಲೋವೀನ್ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಅಪಾಯ ಶೇಕಡಾ 43ರಷ್ಟು ಹೆಚ್ಚೆಂದೂ, 4ರಿಂದ 8 ವರ್ಷದ ಮಕ್ಕಳಲ್ಲಿ ಅದು ಸುಮಾರು ಹತ್ತು ಪಟ್ಟೆಂದೂ ಅದರಿಂದ ಕಂಡುಬಂತು. ಆ ರಾತ್ರಿಯ ನಿಜವಾದ ಭಯ ರಸ್ತೆಯಲ್ಲಿದೆ. ಪೊದೆಯ ಮರೆಯಿಂದ ಹಠಾತ್ತನೆ ಹಾರಿ ಬರುವುದು, ಕಾರಿನ ಹಿಂದಿನಿಂದ ಕಿರುಚುವುದು, ಮೆಟ್ಟಿಲ ಮೇಲಿರುವವರ ಮುಂದೆ ಏನನ್ನಾದರೂ ಬೀಳಿಸುವುದು ಇವನ್ನೆಲ್ಲ ಮಗ ಕೈಬಿಡಲೇಬೇಕು. ಮನೆಯ ಮುಂದೆ ವಿಶಾಲವಾದ ಹುಲ್ಲುಹಾಸು ಇದ್ದು, ರಸ್ತೆಯ ಕಡೆ ದೊಡ್ಡವರೊಬ್ಬರು ಕಾವಲಿದ್ದರೆ ದೊಡ್ಡ ಹುಡುಗರನ್ನು ಒಂದಿಷ್ಟು ಬೆಚ್ಚಿಸಬಹುದೇನೋ. ಬಾಗಿಲಿನಿಂದ ಹತ್ತು ಹೆಜ್ಜೆಗೆ ರಸ್ತೆ ಸಿಗುವ ಮನೆಯಾದರೆ ಅದೂ ಬೇಡ.

ಹಠಾತ್ತನೆ ಬೆಚ್ಚಿಸುವುದನ್ನು ಬಿಟ್ಟರೆ ಮಜಾ ಎಲ್ಲಿ ಉಳಿಯಿತು ಎಂದು ಮಗ ಕೇಳಬಹುದು. ಬೆಚ್ಚುವುದು ಒಂದು ಕ್ಷಣದ ಮಾತು. ‘ಏನೋ ಆಗಲಿದೆ’ ಎಂದು ಕಾಯುವ ಭಯ ನಿಮಿಷಗಟ್ಟಲೆ ಹಿಡಿದಿಡುತ್ತದೆ, ಮಕ್ಕಳು ಮುಂದಿನ ವರ್ಷವೂ ನೆನಪಿಟ್ಟುಕೊಳ್ಳುವುದು ಅದನ್ನೇ. ಇದಕ್ಕೆ ಒಂದು ಹಳೆಯ ಉಪಾಯವಿದೆ. ಜಗಲಿಯಲ್ಲಿ ಮೂರು ಕುರ್ಚಿ ಹಾಕಿ. ಹಳೆಯ ಶರ್ಟು, ಪ್ಯಾಂಟುಗಳಿಗೆ ಒಣ ಎಲೆ ಮತ್ತು ಪೇಪರು ತುರುಕಿ, ಕಾಲ ತುದಿಯನ್ನು ದಾರದಿಂದ ಕಟ್ಟಿ, ತುಂಬಿದ ಕೈಗವಸು ಸಿಕ್ಕಿಸಿ, ಮುಖವಾಡ ಇಟ್ಟು, ನಮ್ಮ ಹೊಲಗಳ ಬೆದರುಬೊಂಬೆಯಂತಹ ಎರಡು ಗೊಂಬೆಗಳನ್ನು ಎರಡು ಕುರ್ಚಿಗಳಲ್ಲಿ ಕೂರಿಸಿ. ಮೂರನೆಯದರಲ್ಲಿ ಅದೇ ವೇಷದಲ್ಲಿ, ಕತ್ತಿನಿಂದ ಎಲೆ ಹೊರಚಾಚಿಕೊಂಡು, ಮಗ ಕೂರಲಿ. ಬಂದ ಮಕ್ಕಳು ತಾವಾಗಿಯೇ ದೂರದಲ್ಲಿ ನಿಂತುಬಿಡುತ್ತಾರೆ. ಯಾವುದು ಗೊಂಬೆ, ಯಾವುದು ಮನುಷ್ಯ ಎಂಬ ಪಿಸುಮಾತು ಶುರುವಾಗುತ್ತದೆ. ಮಗ ಉಸಿರನ್ನೂ ನಿಧಾನಕ್ಕೆ ಬಿಡುತ್ತ, ತುಂಬ ಹೊತ್ತು ಏನೂ ಮಾಡದೆ ಕೂತು, ಆಮೇಲೆ ಒಂದು ಬೆರಳನ್ನು ಮಾತ್ರ ಅಲ್ಲಾಡಿಸಲಿ. ಕೂಗಾಟ ಏಳುತ್ತದೆ, ನಗು ಏಳುತ್ತದೆ, ಆದರೆ ದೂರ ಇದ್ದುದರಿಂದ ಯಾರೂ ಓಡುವುದಿಲ್ಲ. ಕೊನೆಗೆ ಅಂಗೈಯನ್ನು ನಿಧಾನವಾಗಿ ಮೇಲ್ಮುಖ ಮಾಡಿ ತೆರೆದಾಗ ಅದರಲ್ಲಿ ಚಾಕೊಲೇಟ್ ಇರಲಿ. ಅದನ್ನು ತೆಗೆದುಕೊಳ್ಳಲು ಮುಂದೆ ಬರಬೇಕೋ ಬೇಡವೋ ಎಂಬ ತೀರ್ಮಾನ ಪೂರ್ತಿ ಮಗುವಿನದು.

ಕನ್ನಡದ ಮನೆಯಾದ್ದರಿಂದ ನಿಮ್ಮಲ್ಲಿ ಇನ್ನೊಂದು ಸರಕೂ ಇದೆ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದು ನಿಮಗೂ ನೆನಪಿರಬಹುದು. ಪರಿಚಿತರ ದನಿಯಲ್ಲಿ ಕರೆಯುವ ದೆವ್ವ ಆ ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬುದು ಅದರ ಹಿಂದಿನ ಕಥೆ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆ ಎರಡು ಪದಗಳನ್ನು ಕನ್ನಡದಲ್ಲೇ ಬರೆದು, ಪಕ್ಕದ ರಟ್ಟಿನ ಮೇಲೆ ಕಥೆಯನ್ನು ನಾಲ್ಕು ಸಾಲಿನ ಇಂಗ್ಲಿಷಿನಲ್ಲಿ ಬರೆದಿಡಿ. ಓದಬಲ್ಲ ವಯಸ್ಸಿನವರಿಗೆ ಮೈ ಜುಮ್ಮೆನ್ನುತ್ತದೆ, ಓದಲು ಬಾರದ ಪುಟಾಣಿಗಳಿಗೆ ಅದೊಂದು ಚಿತ್ತಾರವಷ್ಟೇ. ವಯಸ್ಸಿಗೆ ತಕ್ಕಂತೆ ತಾನಾಗಿಯೇ ಹದಗೊಳ್ಳುವ ಇಂತಹ ಹೆದರಿಕೆಯೇ ನನಗೆ ಎಲ್ಲಕ್ಕಿಂತ ಇಷ್ಟ.

ಹೊತ್ತನ್ನೂ ಗಮನಿಸಬೇಕು. ಕತ್ತಲಾಗುವ ಮುನ್ನ ಬರುವವರು ಹೆಚ್ಚಾಗಿ ಪುಟ್ಟ ಮಕ್ಕಳು, ಗುಂಪು ಗುಂಪಾಗಿ ಹರೆಯದವರು ಬರುವುದು ಆಮೇಲೆ. ಮೊದಲ ಹೊತ್ತಿನಲ್ಲಿ ಮಗ ಮುಖವಾಡ ತೆಗೆದಿಟ್ಟು, ದೀಪ ಪೂರ್ತಿ ಬೆಳಗಿಸಿ, ನಗುಮುಖದಿಂದ ಮಿಠಾಯಿ ಕೊಡಲಿ. ಮೂರು ನಾಲ್ಕು ವರ್ಷದ ಮಗುವಿಗೆ ಮುಖವಾಡದ ಹಿಂದೆ ಮನುಷ್ಯನೇ ಇದ್ದಾನೆ ಎಂಬುದು ಎಷ್ಟು ಹೇಳಿದರೂ ಮನದಟ್ಟಾಗುವುದಿಲ್ಲ. ಆಮೇಲೂ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರೋ ಅವರೇ ಅಳತೆಗೋಲು. ಯಾರನ್ನೂ ಮುಟ್ಟಬಾರದು, ಅಟ್ಟಿಸಿಕೊಂಡು ಹೋಗಬಾರದು, ದಾರಿ ಅಡ್ಡಗಟ್ಟಬಾರದು. ಯಾರಾದರೂ ಅತ್ತರೆ ಅಥವಾ ಮುಖ ಬಿಗಿದು ಹಿಂದೆ ಸರಿದರೆ, ಕೂಡಲೇ ಮುಖವಾಡ ತೆಗೆದು, ಮಂಡಿಯೂರಿ, ಸ್ವಂತ ದನಿಯಲ್ಲಿ ಮಾತಾಡಿಸಬೇಕು. ಆಗ ನಗುವುದು ತರವಲ್ಲ. ಹೆದರುವ ಮನಸ್ಸಿಲ್ಲದವರಿಗಾಗಿ ಡ್ರೈವ್‌ವೇಯ ಬದಿಯಲ್ಲಿ ಬೆಳಕಿರುವ ಕಡೆ ಒಂದು ಮೇಜು ಹಾಕಿ, ಮಿಠಾಯಿ ಇಟ್ಟು, ‘ಹೆದರಿಕೆ ಬೇಡವಾದವರು ಇಲ್ಲಿಂದ ತೆಗೆದುಕೊಳ್ಳಿ’ ಎಂದು ದೊಡ್ಡಕ್ಷರದಲ್ಲಿ ಬರೆಯಿರಿ. ಆಟಿಸಂ ಇರುವ ಮಕ್ಕಳು, ದೊಡ್ಡ ಸದ್ದಿಗೆ ನಲುಗುವವರು, ಗಾಲಿಕುರ್ಚಿಯಲ್ಲಿ ಬರುವವರು ಎಲ್ಲರಿಗೂ ಆ ಮೇಜು ಬೇಕಾಗುತ್ತದೆ. ಅದರ ಮೇಲೆ ನೀಲಿ-ಹಸಿರು ಬೆರೆತ ಟೀಲ್ ಬಣ್ಣದ ಕುಂಬಳಕಾಯಿಯನ್ನೂ ಇಟ್ಟರೆ ತಿನಿಸಲ್ಲದ ಪುಟ್ಟ ಉಡುಗೊರೆಗಳೂ ಇಲ್ಲಿವೆ ಎಂದು ಅರ್ಥ. ಆಹಾರದ ಅಲರ್ಜಿ ಇರುವ ಮಕ್ಕಳ ಪೋಷಕರು ಆ ಗುರುತನ್ನು ಹುಡುಕುತ್ತಾರೆ.

ಸಲಕರಣೆಗಳಲ್ಲಿ ಎಚ್ಚರ ಬೇಕಾದವು ಕೆಲವಿವೆ. ಕೊರೆದ ಕುಂಬಳಕಾಯಿಯೊಳಗೆ ಮೇಣದ ಬತ್ತಿಯ ಬದಲು ಬ್ಯಾಟರಿ ದೀಪ ಇಡಿ, ಏಕೆಂದರೆ ನೆಲ ಗುಡಿಸುವಷ್ಟು ಉದ್ದದ ವೇಷದ ಅಂಚಿಗೆ ಕಿಡಿ ತಾಗಲು ಕ್ಷಣ ಸಾಕು. ಪಟಪಟನೆ ಮಿನುಗುವ ಸ್ಟ್ರೋಬ್ ದೀಪ ಬೇಡವೇ ಬೇಡ. ಅಪಸ್ಮಾರ ಇರುವವರಲ್ಲಿ ಸುಮಾರು ಶೇಕಡಾ 3ರಷ್ಟು ಮಂದಿಗೆ ಸೆಕೆಂಡಿಗೆ 3ರಿಂದ 30 ಬಾರಿ ಮಿನುಗುವ ಬೆಳಕು ಫಿಟ್ಸ್ ಬರಿಸಬಲ್ಲದು, ಬರುವವರಲ್ಲಿ ಅಂಥವರು ಯಾರೆಂದು ನಿಮಗೆ ಮೊದಲೇ ಗೊತ್ತಾಗುವುದಿಲ್ಲ. ಫಾಗ್ ಮಷೀನಿನ ಹೊಗೆ ಚಂದ ಕಾಣುತ್ತದೆ, ಆದರೆ ಆಸ್ತಮಾ ಇರುವವರಿಗೆ ತೊಂದರೆ, ಮೆಟ್ಟಿಲನ್ನು ಮರೆಮಾಡುವ ಅಪಾಯ ಬೇರೆ. ಬಳಸಿದರೂ ನಡೆಯುವ ದಾರಿಯಿಂದ ದೂರದಲ್ಲಿ, ಬಯಲಿನಲ್ಲಿ ಮಾತ್ರ ಬಳಸಿ. ಹೊಗೆಯಂತಹ ಮಂಜು ಎಬ್ಬಿಸಲು ಬಳಸುವ ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಮೈನಸ್ 78 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿದ್ದು ಬರಿಗೈ ತಾಗಿದರೆ ಚರ್ಮ ಸುಡುತ್ತದೆ, ಮುಚ್ಚಿದ ಡಬ್ಬಿಯಲ್ಲಿಟ್ಟರೆ ಡಬ್ಬಿಯೇ ಸಿಡಿಯಬಹುದು. ಮಕ್ಕಳ ಕೈಗೆಟಕುವ ಕಡೆ ಅದು ಇರಕೂಡದು. ವಾತಾವರಣ ಎಷ್ಟೇ ಮಬ್ಬಾಗಿರಲಿ, ಮೆಟ್ಟಿಲಿನ ಅಂಚುಗಳು ಮಾತ್ರ ಸ್ಪಷ್ಟವಾಗಿ ಕಾಣಬೇಕು.

ಇನ್ನು ಏನನ್ನು ತೋರಿಸಿ ಹೆದರಿಸುವುದು ಎಂಬ ಪ್ರಶ್ನೆ. ಮರಕ್ಕೆ ನೇಣು ಹಾಕಿದ ಗೊಂಬೆಯನ್ನು ತೂಗುಹಾಕಲೇಬೇಡಿ. ಕಪ್ಪು ಜನರನ್ನು ಗುಂಪುಗೂಡಿ ಮರಕ್ಕೆ ನೇತುಹಾಕಿ ಕೊಂದ ಚರಿತ್ರೆ ಅಮೆರಿಕದಲ್ಲಿದೆ, ಹೊಸದಾಗಿ ಬಂದ ನಮಗೆ ಬರಿಯ ದೆವ್ವವಾಗಿ ಕಾಣುವುದು ನೆರೆಮನೆಯವರಿಗೆ ಅವರ ಹಿರಿಯರ ಸಾವಾಗಿ ಕಾಣಬಹುದು. ನಿಜವೆಂದು ನಂಬಿಸುವಂತಹ ಹೆಣದ ಗೊಂಬೆ, ಹುಚ್ಚಾಸ್ಪತ್ರೆಯ ರೋಗಿಯ ವೇಷ, ನಿಜದಂತೆ ಕಾಣುವ ಆಟಿಕೆ ಬಂದೂಕು ಇವೂ ಬೇಡ. ವೇಷ ಹಾಕಿದ ಮಗ ನಿಮ್ಮ ಅಂಗಳ ದಾಟಿ ಬೇರೆಯವರ ಜಾಗಕ್ಕೆ ನುಗ್ಗಬಾರದೆಂದು ಖಡಾಖಂಡಿತವಾಗಿ ಹೇಳಿ. 1992ರ ಅಕ್ಟೋಬರ್‌ನಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಹ್ಯಾಲೋವೀನ್ ಪಾರ್ಟಿಗೆ ಹೊರಟು ತಪ್ಪಾಗಿ ಬೇರೊಂದು ಮನೆಗೆ ಹೋದ ಜಪಾನಿನ 16 ವರ್ಷದ ವಿದ್ಯಾರ್ಥಿ ಆ ಮನೆಯವನ ಗುಂಡಿಗೆ ಬಲಿಯಾದ. ಬಂದೂಕು ಇಟ್ಟುಕೊಂಡ ಮನೆಗಳಿರುವ ದೇಶದಲ್ಲಿ ಇದು ಅತಿಯಾದ ಎಚ್ಚರಿಕೆಯಲ್ಲ.

ಅಕ್ಕಪಕ್ಕದವರಿಗೆ ಒಂದು ವಾರ ಮುಂಚೆಯೇ ವಿಷಯ ತಿಳಿಸಿ, ಎಷ್ಟು ಗಂಟೆಗೆ ಸದ್ದು ನಿಲ್ಲಿಸುತ್ತೀರಿ ಎಂದೂ ಹೇಳಿಡಿ. ಗಿಡಗಳ ಮೇಲೆ ಎಳೆದು ಹರಡುವ ನಕಲಿ ಜೇಡರಬಲೆಯಲ್ಲಿ ಹಕ್ಕಿಗಳು ಸಿಕ್ಕಿಹಾಕಿಕೊಳ್ಳುವುದರಿಂದ ಅದನ್ನು ಜಗಲಿಯ ಒಳಗೋಡೆಗೆ ಮಾತ್ರ ಹಾಕಿ, ನವೆಂಬರ್ 1ರ ಬೆಳಿಗ್ಗೆಯೇ ತೆಗೆದುಬಿಡಿ.