ಟನ್ ಲೆಕ್ಕಕ್ಕೆ ಸಿಗದ ಈಜುಕೊಳ: ಇಟಲಿಯ ಪ್ರಯಾಣಿಕ ಹಡಗುಗಳ ಟಿಪ್ಪಣಿ

1950–60ರ ದಶಕದ ಇಟಲಿಯ ಹಡಗುಗಳಿಗೆ ಈಗಲೂ ಇಷ್ಟು ಅಭಿಮಾನಿಗಳೇಕೆ? ‘ಚೆಂದ ಇದ್ದವು’ ಅಂದರೆ ಉತ್ತರ ಅರ್ಧವೇ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ದೊಡ್ಡ ಹಡಗುಗಳಾದ ರೆಕ್ಸ್, ಕೊಂಟೆ ದಿ ಸಾವೊಯಾ ಎರಡೂ ನಾಶವಾದವು. 1952ರಲ್ಲಿ ಅಮೆರಿಕದ ಯುನೈಟೆಡ್ ಸ್ಟೇಟ್ಸ್ ಹಡಗು ಸರಾಸರಿ 35 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ದಾಟಿ ಅಟ್ಲಾಂಟಿಕ್ ದಾಖಲೆ ಮಾಡಿತು. ಮರುವರ್ಷ ಜನವರಿಯಲ್ಲಿ ಮೊದಲ ಪ್ರಯಾಣ ಹೊರಟ ಇಟಲಿಯ ಆಂದ್ರೆಯಾ ದೋರಿಯಾ ಹಡಗಿನ ವೇಗ 23 ನಾಟ್. ಅಂದರೆ ಪೈಪೋಟಿ ಬೇರೆ ಕಡೆ ಇತ್ತು: ಜಿನೋವಾ, ನೇಪಲ್ಸ್, ಜಿಬ್ರಾಲ್ಟರ್ ಮೂಲಕ ನ್ಯೂಯಾರ್ಕಿಗೆ ಹೋಗುವ ಬಿಸಿಲಿನ ದಾರಿ, ಬಯಲಲ್ಲಿ ಈಜುಕೊಳ. ದೋರಿಯಾದಲ್ಲಿ ಮೂರು ದರ್ಜೆಗೂ ಒಂದೊಂದು ಕೊಳ, ಹಿಂಭಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ.

ಎಡವುವ ಜಾಗ: ಗ್ರಾಸ್ ಟನ್

ದೋರಿಯಾ 29,083 ಗ್ರಾಸ್ ಟನ್ ಅಂತ ಓದಿದ ಕೂಡಲೇ ತಕ್ಕಡಿ ನೆನಪಾಗುತ್ತದೆ. ಇದು ತೂಕವಲ್ಲ, ಹಡಗಿನೊಳಗಿನ ಜಾಗ! 100 ಘನ ಅಡಿಗೆ 1 ಟನ್, ಅಂದರೆ 2.83 ಘನ ಮೀಟರ್. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ 1,000 ಘನ ಅಡಿ, 10 ಟನ್. ಒಳಗೆ ಹತ್ತಿ ತುಂಬಿ, ಕಬ್ಬಿಣ ತುಂಬಿ, ಖಾಲಿ ಬಿಡಿ, 10 ಟನ್ನೇ. ಬೊಂಬಾಯಿಗೆ ಬರುತ್ತಿದ್ದ ಏಷ್ಯಾ, ವಿಕ್ಟೋರಿಯಾ ಹಡಗುಗಳ ಸುಮಾರು 11,700 ಟನ್ ಕೂಡ ಇದೇ ಲೆಕ್ಕ.

ಇನ್ನೊಂದು ಹೆಜ್ಜೆ ಇದೆ, ಅದನ್ನು ಬಿಟ್ಟರೆ ಎಲ್ಲ ಕೆಡುತ್ತದೆ. ಎಣಿಸುವುದು ಮುಚ್ಚಿದ ಜಾಗವನ್ನು ಮಾತ್ರ (ಅದರಲ್ಲೂ ಕೆಲವಕ್ಕೆ ರಿಯಾಯಿತಿ). 60 ಅಡಿಗೆ 40 ಅಡಿ ಡೆಕ್ಕಿಗೆ (ಹಡಗಿನ ಅಂತಸ್ತಿನ ನೆಲಕ್ಕೆ) ಹತ್ತಡಿ ಎತ್ತರದಲ್ಲಿ ಸೂರು, ಸುತ್ತ ಗೋಡೆ ಹಾಕಿದರೆ 24,000 ಘನ ಅಡಿ, 240 ಟನ್. ಅದೇ ಡೆಕ್ಕನ್ನು ಬಿಸಿಲಿಗೆ ತೆರೆದಿಟ್ಟು ಕೊಳ, ಒರಗುಕುರ್ಚಿ ಇಟ್ಟರೆ ಸೊನ್ನೆ. ಜನ ಹುಡುಕಿಕೊಂಡು ಬರುತ್ತಿದ್ದ ಜಾಗವೇ ಅಂಕಿಯಲ್ಲಿಲ್ಲ. ಹಾಗಾಗಿ ಟನ್ ನೋಡಿ ‘ಚಿಕ್ಕ ಹಡಗು’ ಅನ್ನಬೇಡಿ.

ಈಗಿನ ಕ್ರೂಸ್ ಹಡಗುಗಳ ಅಂಕಿಯೊಡನೆ ನೇರ ಹೋಲಿಕೆಯೂ ಬೇಡ. ಹಡಗುಗಳ ಅಳತೆಯ ಬಗ್ಗೆ 1969ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ನಂತರ ಸೂತ್ರವೇ ಬದಲು.

ಜಾಲರಿ ಚಿಮಣಿ

ಕೊಳ ಹಿಂಭಾಗದಲ್ಲಿದ್ದರೆ ಶತ್ರು ಮಸಿ. ಹಡಗು ಮುನ್ನುಗ್ಗುವಾಗ ದಪ್ಪ ಚಿಮಣಿಯ ಬೆನ್ನಿಗೆ ಗಾಳಿಯ ಒತ್ತಡ ತಗ್ಗುತ್ತದೆ. ಹೊಗೆ ಮೇಲೇರದೆ ಆ ತಗ್ಗಿಗೆ ಎಳೆದುಕೊಂಡು ಈಜುವವರ ತಲೆ ಮೇಲೆ ಉದುರುತ್ತದೆ. 1965ರ ಮೈಕೆಲಾಂಜೆಲೊ, ರಫಾಯೆಲ್ಲೊ ಹಡಗುಗಳಿಗೆ ಇಟಲಿಯ ತಾಂತ್ರಿಕ ವಿಶ್ವವಿದ್ಯಾಲಯ ಟ್ಯೂರಿನ್ ಪಾಲಿಟೆಕ್ನಿಕ್ ಕೊಟ್ಟ ಪರಿಹಾರ: ಹೊಗೆಕೊಳವೆಯ ಸುತ್ತ ಕವಚದ ಬದಲು ಉಕ್ಕಿನ ಜಾಲರಿ, ಗಾಳಿ ಅದರೊಳಗೇ ಹಾದುಹೋಗಲಿ ಅಂತ, ತಲೆಯ ಮೇಲೆ ಹೊಗೆಯನ್ನು ಆಚೆ ತಳ್ಳುವ ಅಗಲವಾದ ರೆಕ್ಕೆ. ಪಂಜರದಂತಿದೆ ಎಂದು ಹಲವರು ಮೂಗು ಮುರಿದರು. ಡೆಕ್ ಮಾತ್ರ ಶುಚಿಯಾಗಿತ್ತು. ಈ ಜಾಲರಿಯನ್ನು ಅಂದಕ್ಕಾಗಿ ಇಟ್ಟದ್ದು ಎಂದುಕೊಂಡರೆ ತಪ್ಪು.

ಮೇಲೆ ಇಷ್ಟು ಧಾರಾಳ, ಕೆಳಗೆ ಅಷ್ಟೇ ಜಿಪುಣತನ. ಇವೇ ಎರಡು ಹಡಗುಗಳಲ್ಲಿ ಪ್ರಯಾಣಿಕರ ಕೆಳಗಿನ ಮೂರು ಡೆಕ್ಕುಗಳ ಕೋಣೆಗಳಿಗೆ ಕಿಟಕಿಯೇ ಇರಲಿಲ್ಲ. 1975ರಲ್ಲಿ ಸೇವೆ ನಿಂತಾಗ ಕ್ರೂಸಿಗೆ ಮಾರ್ಪಡಿಸಲು ಇದೇ ದೊಡ್ಡ ತೊಡಕು. ಕೊನೆಗೆ ಇರಾನ್ ತನ್ನ ನೌಕಾಪಡೆಯವರ ವಸತಿಗೆಂದು ಕೊಂಡಿತು. ಆ ಕಿಟಕಿಯಿಲ್ಲದ ಕೋಣೆಗಳೇನೋ 45,900 ಟನ್ನಿನ ಲೆಕ್ಕದಲ್ಲಿ ಸೇರಿದ್ದವು.