ಸಿಂಗಲ್ ಫೇಸ್ ಮನೆಗೆ 3 ಎಚ್‌ಪಿ ಮೋಟಾರು

ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಕ್ಕ ಮನೆಯಲ್ಲೇ ಸಣ್ಣ ಗಿರಣಿ ಹಾಕಿದ್ದಾಳೆ. ಜೋಳ, ಗೋಧಿ ಬೀಸುತ್ತಾಳೆ, ಸುಗ್ಗಿ ಬಂದರೆ ಮೆಣಸಿನಕಾಯಿ. ಮನೆಗಿರುವುದು ಸಿಂಗಲ್ ಫೇಸ್ ಕರೆಂಟು. ಹುಬ್ಬಳ್ಳಿಯಿಂದ 3 ಎಚ್‌ಪಿಯ ಥ್ರೀ ಫೇಸ್ ಮೋಟಾರು, ಜೊತೆಗೆ ಸಿಂಗಲ್ ಫೇಸ್ ಕೊಟ್ಟರೆ ಥ್ರೀ ಫೇಸ್ ಮಾಡಿಕೊಡುವ ಡ್ರೈವ್ ತಂದು ಕೂಡಿಸಿದೆವು. ಖಾಲಿ ಓಡಿಸಿದಾಗ ಚೆನ್ನಾಗಿ ತಿರುಗಿತು. ಜೋಳ ಹಾಕಿದ ಕೂಡಲೇ ನಿಂತಿತು. "ತಮ್ಮಾ, ಮೂರು ಎಚ್‌ಪಿ ಅಂದಿದ್ದಿ, ಒಂದು ಸೇರು ಜ್ವಾಳಕ್ಕ ನಿಂತ ಬಿಡ್ತಲ್ಲೋ" ಅಂದಳು ಅಕ್ಕ.

ಮೋಟಾರು ಕೆಟ್ಟಿರಲಿಲ್ಲ, ಡ್ರೈವೂ ಸರಿ ಇತ್ತು. ಮೋಟಾರಿನ ನೇಮ್ ಪ್ಲೇಟ್ ಓದಿದರೆ 415 ವೋಲ್ಟ್, ಪಕ್ಕದಲ್ಲಿ ಒಂದು ಪುಟ್ಟ ತ್ರಿಕೋನ, ಅಂದರೆ ಡೆಲ್ಟಾ. ಮೋಟಾರಿನೊಳಗಿನ ಮೂರು ಸುರುಳಿಗಳನ್ನು ಜೋಡಿಸುವ ಎರಡು ಬಗೆಯಲ್ಲಿ ಅದು ಒಂದು, ಇನ್ನೊಂದು ಸ್ಟಾರ್. ಕೊಳ್ಳುವಾಗ ನಾವು ನೋಡದೆ ಬಿಟ್ಟದ್ದು ಇದನ್ನೇ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಬೀಸುಕಲ್ಲಿನ ಗೂಟ ಹಿಡಿದು ಸುಮ್ನೆ ಹಿಂದೆ ಮುಂದೆ ಎಳೆದರೆ ಕಲ್ಲು ತಿರುಗುವುದಿಲ್ಲ, ಕೈ ಸುತ್ತು ಹೊಡೆಯಬೇಕು. ಸಿಂಗಲ್ ಫೇಸ್ ಕರೆಂಟು ಮಾಡುವುದು ಹಿಂದೆ ಮುಂದೆ ಎಳೆಯುವ ಕೆಲಸ. 50 ಹರ್ಟ್ಸ್ ಅಂದರೆ ಸೆಕೆಂಡಿಗೆ 100 ಸಲ ಅದರ ಬಲ ಸೊನ್ನೆಗೆ ಇಳಿಯುತ್ತದೆ. ಮೂರು ಫೇಸ್ ಒಂದರ ಹಿಂದೆ ಒಂದು ಬಂದಾಗ ಮೋಟಾರಿನೊಳಗಿನ ಅಯಸ್ಕಾಂತದ ಬಲ ತಾನಾಗಿಯೇ ಸುತ್ತು ಹೊಡೆಯುತ್ತದೆ. ಹೀಗೆ ಸುತ್ತುವ ಬಲದಿಂದ ನಡೆಯುವ ಮೋಟಾರಿಗೆ ನಿಕೋಲಾ ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದ. ಸಿಂಗಲ್ ಫೇಸ್ ಮೋಟಾರಿಗೆ ಈ ಸುತ್ತು ಹುಟ್ಟಿಸಲು ಇನ್ನೊಂದು ಸುರುಳಿ, ಒಂದು ಕಂಡೆನ್ಸರ್ ಬೇಕು. 1, 2 ಎಚ್‌ಪಿಗೆ ಅದು ಸಾಕು. ಅದಕ್ಕಿಂತ ಜಾಸ್ತಿ ಆದರೆ ಶುರುವಾಗುವಾಗ ಎಳೆಯುವ ಕರೆಂಟಿಗೆ ಮನೆಯ ಬಲ್ಬೆಲ್ಲ ಮಂಕಾಗುತ್ತವೆ. ಹೊಲದಲ್ಲಿ ಥ್ರೀ ಫೇಸ್ ಹೋದಾಗ ಪಂಪಿಗೆ ಕಂಡೆನ್ಸರ್ ಹಚ್ಚಿ ಓಡಿಸುವುದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದೇವೆ, ಅಲ್ವಾ? ಮೋಟಾರು ತಿರುಗುತ್ತದೆ ನಿಜ, ಆದರೆ ಮೂರು ಸುರುಳಿಗೂ ಸಮವಾಗಿ ಕರೆಂಟು ಹೋಗುವುದಿಲ್ಲ, ಯಾವುದಾದರೂ ಒಂದು ಜಾಸ್ತಿ ಕಾಯ್ದು ಸುಡುತ್ತದೆ.

ಡ್ರೈವ್, ಅಂದರೆ ವಿಎಫ್‌ಡಿ, ಬೇರೆ ದಾರಿ ಹಿಡಿಯುತ್ತದೆ. ಬಂದ 230 ವೋಲ್ಟನ್ನು ಮೊದಲು ಡಿಸಿ ಮಾಡುತ್ತದೆ, ಅದು ಸುಮಾರು 325 ವೋಲ್ಟ್. ಆ 100 ಸಲದ ಸೊನ್ನೆಗಳನ್ನು ಒಳಗಿನ ದೊಡ್ಡ ಕಂಡೆನ್ಸರ್‌ಗಳು ತುಂಬಿಕೊಡುತ್ತವೆ. ಆಮೇಲೆ ಆ ಡಿಸಿಯನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಮೂರು ಫೇಸ್ ಕಟ್ಟುತ್ತದೆ. ಆದರೆ ವೋಲ್ಟೇಜ್ ಏರಿಸುವ ಕೆಲಸ ಸಾಮಾನ್ಯ ಡ್ರೈವ್ ಮಾಡುವುದಿಲ್ಲ. 230 ಹೋದರೆ ಹೊರಗೆ ಬರುವ ಮೂರು ಫೇಸೂ ಹೆಚ್ಚೆಂದರೆ 230 ವೋಲ್ಟಿನದೇ.

ಈಗ ಆ ತ್ರಿಕೋನಕ್ಕೆ ಬರೋಣ. ಸ್ಟಾರ್ ಜೋಡಣೆಯಲ್ಲಿ ಎರಡು ಲೈನಿನ ನಡುವೆ ಎರಡು ಸುರುಳಿ ಇರುತ್ತವೆ, ಹಾಗಾಗಿ 415 ಕೊಟ್ಟರೂ ಒಂದೊಂದು ಸುರುಳಿಗೆ ಸಿಗುವುದು ಸುಮಾರು 240 (ಫೇಸ್‌ಗಳು ಒಂದರ ಹಿಂದೆ ಒಂದು ಬರುವುದರಿಂದ ಸರಿಯಾಗಿ ಅರ್ಧವಲ್ಲ). ಡೆಲ್ಟಾದಲ್ಲಿ ಎರಡು ಲೈನಿನ ನಡುವೆ ಒಂದೇ ಸುರುಳಿ, ಲೈನಿನ ಪೂರ್ತಿ ವೋಲ್ಟೇಜ್ ಅದಕ್ಕೇ. ಹಾಗಾಗಿ ಸ್ಟಾರ್ ಮೋಟಾರಿನ ಸುರುಳಿಗಳನ್ನು ಡೆಲ್ಟಾಕ್ಕೆ ಬದಲಾಯಿಸಿದರೆ 230ರ ಡ್ರೈವಿನಲ್ಲಿ ಪೂರ್ತಿ ಶಕ್ತಿ ಕೊಡುತ್ತದೆ. ನಮ್ಮ ದೇಶದಲ್ಲಿ 2 ಎಚ್‌ಪಿವರೆಗಿನ ಮೋಟಾರುಗಳು ಸಾಮಾನ್ಯವಾಗಿ ಹೀಗೆ ಸ್ಟಾರ್‌ನಲ್ಲಿ ಬರುತ್ತವೆ. ಕೆಲವದರಲ್ಲಿ ಮೂರು ಸುರುಳಿಯ ತುದಿ ಕೂಡುವ ಸ್ಟಾರ್ ಗಂಟು ಒಳಗೇ ಇರುತ್ತದೆ, ವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿಸಿ ಆರು ವೈರು ಹೊರಗೆ ತರಿಸಬೇಕು. 3 ಎಚ್‌ಪಿ ಮತ್ತು ಮೇಲಿನವು ಸಾಮಾನ್ಯವಾಗಿ 415ಕ್ಕೇ ಡೆಲ್ಟಾ. ಸುರುಳಿ ಬೇಡುವುದು 415, ನಾವು ಕೊಟ್ಟದ್ದು 230, ಅಂದರೆ ಶೇಕಡಾ 55. ತಿರುಗಿಸುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ ಪೂರ್ತಿ ವೇಗದಲ್ಲಿ ಉಳಿದದ್ದು ಶೇಕಡಾ 31ರಷ್ಟು ಮಾತ್ರ. ಜೋಳಕ್ಕೆ ಅದು ಎಲ್ಲಿ ಸಾಕಾಗುತ್ತದೆ?

ಹಾವೇರಿಯಲ್ಲಿ ಆ ಮೋಟಾರನ್ನು 230 ಡೆಲ್ಟಾಕ್ಕೆ ರಿವೈಂಡ್ ಮಾಡಿಸಿದೆವು. ಸುತ್ತು ಕಡಿಮೆ, ತಂತಿ ದಪ್ಪ. ಹೊಸದಾಗಿ ಕೊಳ್ಳುವವರು ಮೊದಲೇ 230 ಡೆಲ್ಟಾ ಎಂದು ಹೇಳಿ ತರಿಸಿಕೊಳ್ಳಿ. ಡ್ರೈವ್ ಆರಿಸುವಾಗ ಎಚ್‌ಪಿಗಿಂತ ಆಂಪಿಯರ್ ನೋಡಿ. ಮೋಟಾರಿನ ಪ್ಲೇಟಿನಲ್ಲಿರುವ ಆಂಪಿಯರಿಗಿಂತ ಡ್ರೈವಿನದು ಸ್ವಲ್ಪ ಜಾಸ್ತಿ ಇರಲಿ. ಥ್ರೀ ಫೇಸ್ ಇನ್‌ಪುಟ್‌ಗೆಂದು ಮಾಡಿದ 230 ವೋಲ್ಟಿನ ಡ್ರೈವೇ ಸಿಕ್ಕರೆ ಹೆಚ್ಚುಕಡಿಮೆ ಎರಡರಷ್ಟು ದೊಡ್ಡದು ಬೇಕು. 415ರ ಡ್ರೈವ್ ನಮ್ಮ ಮನೆ ಕರೆಂಟಿಗೆ ಉಪಯೋಗವಿಲ್ಲ.

ವೈರಿಂಗ್ ವಿಷಯವನ್ನು ಯಾರೂ ಕೇಳುವುದಿಲ್ಲ, ನನಗೆ ಅದೇ ಬೇಜಾರು. 3 ಎಚ್‌ಪಿ ಅಂದರೆ ಸುಮಾರು 2.2 ಕಿಲೋವ್ಯಾಟ್. ಡ್ರೈವ್ ಮೇನ್ಸ್‌ನಿಂದ ಕರೆಂಟನ್ನು ಒಂದೇ ಸಮ ಎಳೆಯದೆ ಅಲೆಯ ತುದಿಯಲ್ಲಿ ಮಾತ್ರ ಗುಟುಕು ಗುಟುಕಾಗಿ ಎಳೆಯುವುದರಿಂದ ಪೂರ್ತಿ ಲೋಡಿಗೆ 20 ಆಂಪಿಯರ್ ಆಸುಪಾಸು ಬೇಕಾಗುತ್ತದೆ. 2.5 ಚದರ ಮಿಲಿಮೀಟರ್ ತಾಮ್ರದ ವೈರು 50 ಮೀಟರ್ ದೂರ ಎಳೆದಿದ್ದರೆ ಹೋಗಿ ಬರುವಷ್ಟರಲ್ಲಿ ಸುಮಾರು 15 ವೋಲ್ಟ್ ವೈರಿನಲ್ಲೇ ಹೋಗುತ್ತದೆ. 6 ಚದರದ್ದಾದರೆ 6 ವೋಲ್ಟ್. ಹಳ್ಳಿಯಲ್ಲಿ ಸಂಜೆ ಹೊತ್ತು ಕರೆಂಟು ಮೊದಲೇ ಇಳಿದಿರುತ್ತದೆ, ಅದರ ಮೇಲೆ ಇದೂ ಸೇರಿದರೆ ಡ್ರೈವ್ ಟ್ರಿಪ್ ಆಗುತ್ತದೆ. ಮಂಜೂರಾದ ಲೋಡನ್ನೂ ಬಿಲ್ಲಿನಲ್ಲಿ ನೋಡಿಕೊಳ್ಳಿ. 5 ಎಚ್‌ಪಿ ಬೇಕೆಂದರೆ ಡ್ರೈವಿಗೆ ಸುರಿಯುವ ದುಡ್ಡಿನಲ್ಲಿ ಥ್ರೀ ಫೇಸ್ ಕನೆಕ್ಷನ್‌ಗೆ ಅರ್ಜಿ ಹಾಕುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಡ್ರೈವಿನಲ್ಲಿ ವೇಗ ಅರ್ಧ ಮಾಡಿದರೆ ಬಲ ಎರಡರಷ್ಟಾಗುವುದಿಲ್ಲ. ಬಲ ಅಷ್ಟೇ ಇರುತ್ತದೆ, ಶಕ್ತಿ ಅರ್ಧವಾಗುತ್ತದೆ, ಮೋಟಾರಿನ ಫ್ಯಾನೂ ನಿಧಾನವಾಗಿ ಮೈ ಬಿಸಿಯಾಗುತ್ತದೆ. ಗಿರಣಿಗೆ ಬಲ ಬೇಕಿದ್ದರೆ ಪುಲ್ಲಿ ಬದಲಿಸಿ, ಮೋಟಾರು 50 ಹರ್ಟ್ಸ್‌ನಲ್ಲೇ ಓಡಲಿ.

ಅಕ್ಕನ ಗಿರಣಿಯಲ್ಲಿ ಡ್ರೈವನ್ನು ಹಿಟ್ಟಿನ ಧೂಳು ತಾಗದಂತೆ ಹೊರಗಿನ ಕೋಣೆಯ ಗೋಡೆಗೆ ಹಾಕಿದ್ದೇವೆ, ಅರ್ಥಿಂಗ್ ಬೇರೆ ಮಾಡಿಸಿದ್ದೇವೆ. ಸ್ವಿಚ್ ತೆಗೆದ ಮೇಲೂ ಒಳಗಿನ ಕಂಡೆನ್ಸರ್‌ಗಳಲ್ಲಿ ಕರೆಂಟು ನಿಂತಿರುತ್ತದೆ. ಅದಕ್ಕೇ 10 ನಿಮಿಷ ಆಗುವವರೆಗೆ ಮುಚ್ಚಳ ಬಿಚ್ಚಬಾರದು ಎಂದು ಡ್ರೈವಿನ ಪಕ್ಕದಲ್ಲೇ ದೊಡ್ಡದಾಗಿ ಬರೆದು ಅಂಟಿಸಿದ್ದಾಳೆ ಅಕ್ಕ.