ಕಲರ್ ಬರ್ಲಿ ಅಂತ ಕಾಯ್ಬೇಡಿ

"ಮೇಡಂ, ನೀವು ಕೊಟ್ಟ ಟೀ ಕಲರೇ ಬಿಡಲ್ಲ, ಕಾದೂ ಕಾದೂ ಕೊನೆಗೆ ಕುಡಿದ್ರೆ ಬರೀ ಕಹಿ."

ಈ ಮಾತನ್ನ ವಾರಕ್ಕೆ ಮೂರ್ನಾಲ್ಕು ಸಲನಾದ್ರೂ ಕೇಳ್ತೀನಿ. ಕೂನೂರಲ್ಲಿ ಹರಾಜಿಗೆ ಬರೋ ಟೀ ರುಚಿ ನೋಡೋ ಕೆಲಸ ಹನ್ನೆರಡು ವರ್ಷ ಮಾಡ್ದೆ, ಈಗ ಮಲ್ಲೇಶ್ವರದಲ್ಲಿ ಚಿಕ್ಕದೊಂದು ಅಂಗಡಿ ಇಟ್ಕೊಂಡು ಎಲೆ ಟೀ ಮಾರ್ತೀನಿ. ಮಾರೋದಕ್ಕಿಂತ ಜಾಸ್ತಿ ಹೊತ್ತು ಹೋಗೋದು ಇದೊಂದನ್ನ ಬಿಡಿಸಿ ಹೇಳೋದ್ರಲ್ಲೇ.

ಹೋದ ಮಾರ್ಚ್‌ನಲ್ಲಿ ನಮ್ಮ ಬೀದಿಯ ರಾಯರೊಬ್ರು, ರಿಟೈರ್ಡ್ ಇಂಜಿನಿಯರ್, ತುಂಬಾ ಆಸೆ ಪಟ್ಟು ಡಾರ್ಜಿಲಿಂಗ್ ಫಸ್ಟ್ ಫ್ಲಶ್, ಅಂದ್ರೆ ವರ್ಷದ ಮೊದಲ ಚಿಗುರಿನ ಟೀ, 50 ಗ್ರಾಂ ತಗೊಂಡು ಹೋದ್ರು. ಅಗ್ಗದ ಟೀ ಅಲ್ಲ ಅದು. ಒಂದು ವಾರಕ್ಕೆ ಪ್ಯಾಕೆಟ್ ವಾಪಸ್ ತಂದು ಕೌಂಟರ್ ಮೇಲೆ ಇಟ್ಟು, "ಇದು ಹಳೇ ಸ್ಟಾಕ್ ಇರ್ಬೇಕಮ್ಮ" ಅಂದ್ರು. ಹೇಗೆ ಮಾಡಿದ್ರಿ ಸರ್ ಅಂತ ಕೇಳ್ದೆ. ಎರಡು ಲೋಟ ನೀರಿಗೆ ಒಂದು ಚಮಚ ಎಲೆ ಹಾಕಿದಾರೆ, ಕಲರ್ ಬರ್ಲಿಲ್ಲ, ಸಣ್ಣ ಉರಿಲಿ ಇಟ್ಟು ಕಾದಿದಾರೆ, ಆಗ್ಲೂ ಬರ್ಲಿಲ್ಲ, ಹದಿನೈದು ನಿಮಿಷ ಆದ್ಮೇಲೆ ಸ್ವಲ್ಪ ಕಂದು ಬಂತಂತೆ, ಆಗ ಸೋಸಿ ಕುಡಿದಿದಾರೆ. ನಂಗೆ ನಿಜವಾಗ್ಲೂ ಹೊಟ್ಟೆ ಉರೀತು, ಆ ಎಲೆ ಕಿತ್ತು ಒಣಗಿಸಿ ಇಲ್ಲಿಗೆ ತಲುಪಿಸೋಕೆ ಎಷ್ಟು ಜನ ಎಷ್ಟು ಜೋಪಾನ ಮಾಡಿರ್ತಾರೆ ಅನ್ನೋದು ಗೊತ್ತಲ್ಲ.

ಆದ್ರೆ ತಪ್ಪು ಅವರದ್ದಲ್ಲ, ಅಭ್ಯಾಸದ್ದು. ನಾವು ಕಾಫಿ ಮನೆಗಳಲ್ಲಿ ಬೆಳೆದವರು, ಡಿಕಾಕ್ಷನ್ ನಿಧಾನಕ್ಕೆ ಇಳಿದಷ್ಟೂ ಗಟ್ಟಿ ಅಂತ ಗೊತ್ತು. ಕಷಾಯ ಕುದಿಸಿದಷ್ಟೂ ಸಾರ ಬಿಡತ್ತೆ ಅಂತ ಗೊತ್ತು. ಟೀ ಅಂದ್ರೂ ಮನೆಲಿ ಇರೋದು ಸಿಟಿಸಿ, ಅಂದ್ರೆ ಸಣ್ಣ ಕಾಳು ಕಾಳು ಥರ ಇರೋ ಟೀಪುಡಿ. 1930ರ ದಶಕದಲ್ಲಿ ಅಸ್ಸಾಂನಲ್ಲಿ ವಿಲಿಯಂ ಮ್ಯಾಕರ್ಚರ್ ಅನ್ನೋರು ಮಾಡಿದ ಮೆಷಿನ್‌ನಿಂದ ಬಂದಿದ್ದು ಅದು. ಹಲ್ಲು ಹಲ್ಲಿನ ಎರಡು ರೋಲರ್ ಬೇರೆ ಬೇರೆ ಸ್ಪೀಡಲ್ಲಿ ತಿರುಗ್ತಾ ಎಲೆನ ಜಜ್ಜಿ, ಹರಿದು, ಸುರುಳಿ ಮಾಡಿಬಿಡ್ತವೆ. ಎಲೆ ಪೂರ್ತಿ ಒಡೆದಿರೋದ್ರಿಂದ ಬಿಸಿ ನೀರು ತಾಗಿದ ತಕ್ಷಣ ಬಣ್ಣ ಬಿಟ್ಟುಬಿಡತ್ತೆ. ಹಾಲು ಸಕ್ಕರೆ ಹಾಕಿ ಕುದಿಸೋಕೆ ಹೇಳಿ ಮಾಡಿಸಿದ್ದು. ಕಹಿ ಬಿಟ್ರೂ ಹಾಲಿನ ಪ್ರೋಟೀನ್ ಆ ಒಗರನ್ನ ಹಿಡ್ಕೊಳತ್ತೆ, ನಾಲಿಗೆಗೆ ಅಷ್ಟು ಗೊತ್ತಾಗಲ್ಲ. ನಾನೂ ಬೆಳಿಗ್ಗೆ ಎದ್ದು ಅದನ್ನೇ ಕುಡಿಯೋದು, ಅದರ ಮೇಲೆ ನಂಗೆ ಯಾವ ತಕರಾರೂ ಇಲ್ಲ.

ಎಲೆ ಟೀ, ಅಂದ್ರೆ ನಮ್ಮ ಟ್ರೇಡಲ್ಲಿ ಆರ್ಥೊಡಾಕ್ಸ್ ಅನ್ನೋದು, ಹಾಗಲ್ಲ. ಎಲೆನ ಬಾಡಿಸಿ ಹೊಸಕಿರ್ತಾರೆ, ಪುಡಿ ಮಾಡಿರಲ್ಲ. ನೀರಿಗೆ ಬಿದ್ಮೇಲೆ ಅದು ನಿಧಾನಕ್ಕೆ ಬಿಚ್ಕೊಳತ್ತೆ. ಮೊದಲು ಘಮ ಬರತ್ತೆ, ಸಿಹಿ ಬರತ್ತೆ, ಕೆಫೀನ್‌ನ ದೊಡ್ಡ ಪಾಲೂ ಬೇಗನೇ ಬಂದುಬಿಡತ್ತೆ. ಒಗರು ಕಹಿ ಹೊತ್ತು ಹೋದ ಹಾಗೆ ಹೆಚ್ಚಾಗ್ತಾ ಹೋಗತ್ತೆ. ಅಂದ್ರೆ ನೀವು ಕಾಯ್ತಾ ಕೂತಿರೋ ಆ ಹತ್ತು ನಿಮಿಷದಲ್ಲಿ ನಿಮಗೆ ಬೇಕಾಗಿದ್ದು ಆಗಲೇ ಬಂದಾಗಿದೆ, ಬೇಡದ್ದಕ್ಕೆ ಕಾಯ್ತಾ ಇದೀರ.

ಇನ್ನು ಬಣ್ಣ. ಫಸ್ಟ್ ಫ್ಲಶ್ ಎಲೆನ ಚೆನ್ನಾಗಿ ಬಾಡಿಸಿ ಕಡಿಮೆ ಆಕ್ಸಿಡೈಸ್ ಮಾಡಿರ್ತಾರೆ, ಅಂದ್ರೆ ಗಾಳಿಗೆ ಕಂದಾಗೋಕೆ ಜಾಸ್ತಿ ಬಿಟ್ಟಿರಲ್ಲ, ಒಣ ಎಲೆನೇ ನೋಡಿ, ಅರ್ಧ ಹಸಿರು ಇರತ್ತೆ. ಅದರ ಟೀ ತಿಳಿ ಹಳದಿ, ಬಿಸಿಲಿಗೆ ಹಿಡಿದ ಜೇನಿನ ಥರ. ಅದು ಕೆಂಪಾಗಲ್ಲ. ಎಷ್ಟು ಹೊತ್ತು ಇಟ್ರೂ ಆಗಲ್ಲ. ಅದೇ ತೋಟದ ಸೆಕೆಂಡ್ ಫ್ಲಶ್, ಮೇ ಜೂನ್‌ನಲ್ಲಿ ಕೀಳೋದು, ತಾಮ್ರದ ಬಣ್ಣ ಬರತ್ತೆ. ನೀಲಗಿರಿಯ ಚಳಿಗಾಲದ ಟೀ, ಡಿಸೆಂಬರ್ ಜನವರಿಲಿ ಮಾಡೋದು, ಇನ್ನೊಂದು ಥರ. ಅಸ್ಸಾಂ ಎಲೆ ಗಾಢವಾಗೇ ಬರತ್ತೆ. ಒಂದೊಂದರ ಬಣ್ಣ ಒಂದೊಂದು, ಅದನ್ನ ನೋಡ್ಕೊಂಡು ಆಯ್ತೋ ಇಲ್ವೋ ಅಂತ ಹೇಳೋಕಾಗಲ್ಲ. ಗಡಿಯಾರ ನೋಡಿ.

ಹಂಗಾದ್ರೆ ಸ್ಟ್ರಾಂಗ್ ಬೇಕಾದ್ರೆ ಏನು ಮಾಡ್ಬೇಕು? ಎಲೆ ಜಾಸ್ತಿ ಹಾಕಿ. ಅಷ್ಟೇ. ಟೈಮ್ ಅಷ್ಟೇ ಇರ್ಲಿ.

ಇಲ್ಲೊಂದು ಮೋಸ ಇದೆ, ಚಮಚದ್ದು. ಟೀಪುಡಿ ಚಮಚದಲ್ಲಿ ಒತ್ತಾಗಿ ಕೂರತ್ತೆ. ಉದ್ದ ಎಲೆ ಕೂರಲ್ಲ, ಸೌದೆ ಒಟ್ಟಿದ ಹಾಗೆ ಮಧ್ಯೆ ಮಧ್ಯೆ ಖಾಲಿ. ಅದೇ ಚಮಚ ತುಂಬಾ ಹಾಕಿದ್ರೂ ತೂಕದಲ್ಲಿ ಅರ್ಧನೂ ಇರಲ್ಲ ಎಷ್ಟೋ ಸಲ. ಎಲೆ ಕಮ್ಮಿ ಬಿತ್ತು, ಬಣ್ಣ ಬರ್ಲಿಲ್ಲ, ಕಾದ್ರು, ಕಹಿ ಆಯ್ತು, "ಎಲೆ ಕಹಿ" ಅಂತ ಮಾರನೇ ದಿನ ಇನ್ನೂ ಕಮ್ಮಿ ಹಾಕಿದ್ರು, ಇನ್ನೂ ಜಾಸ್ತಿ ಕಾದ್ರು. ನನ್ನ ಅಂಗಡಿಗೆ ವಾಪಸ್ ಬರೋ ಪ್ಯಾಕೆಟ್‌ಗಳ ಕಥೆ ಹೆಚ್ಚುಕಮ್ಮಿ ಇಷ್ಟೇ. ದಯವಿಟ್ಟು ಗ್ರಾಂ ತೋರಿಸೋ ಸಣ್ಣ ಡಿಜಿಟಲ್ ತಕ್ಕಡಿ ಒಂದು ತಗೊಳಿ, ಕೆಲವು ನೂರು ರೂಪಾಯಿಗೆ ಸಿಗತ್ತೆ. 200 ಮಿಲಿ ಲೋಟಕ್ಕೆ ಎರಡೂವರೆ ಗ್ರಾಂ, ಮೂರು ನಿಮಿಷ. ಇಲ್ಲಿಂದ ಶುರು ಮಾಡಿ. ಸಪ್ಪೆ ಅನ್ಸಿದ್ರೆ ಮೂರು ಗ್ರಾಂ, ಆಮೇಲೆ ಮೂರೂವರೆ. ಕಹಿ ಅನ್ಸಿದ್ರೆ ಎಲೆ ಹಾಗೇ ಇರ್ಲಿ, ಅರ್ಧ ನಿಮಿಷ ಮೊದಲೇ ಸೋಸಿ. ಪ್ರತಿಯೊಂದು ಎಲೆಗೂ ಇದೇ ಸರಿ ಅಂತ ನಾನು ಹೇಳಲ್ಲ, ಆದ್ರೆ ಶುರು ಮಾಡೋರಿಗೆ ಇದರಲ್ಲಿ ಕೆಡೋದು ಕಮ್ಮಿ.

ಎಲ್ಲೋ ಓದ್ಕೊಂಡು ಬರೋರೂ ಇದಾರೆ, "ಟೇಸ್ಟರ್‌ಗಳೇ ಆರು ನಿಮಿಷ ಇಡ್ತಾರಲ್ಲ ಮೇಡಂ" ಅಂತ. ನಿಜ, ಐಎಸ್‌ಒ 3103 ಅಂತ ಅದಕ್ಕೊಂದು ಸ್ಟ್ಯಾಂಡರ್ಡೇ ಇದೆ, 100 ಮಿಲಿಗೆ 2 ಗ್ರಾಂ, 6 ನಿಮಿಷ. ಆದ್ರೆ ನಾವು ಹಾಗೆ ಮಾಡ್ತಿದ್ದದ್ದು ಕುಡಿದು ಸಂತೋಷ ಪಡೋಕಲ್ಲ, ತಪ್ಪು ಹಿಡಿಯೋಕೆ. ಹೊಗೆ ವಾಸನೆ ಇದ್ಯಾ, ಒಣಗಿಸುವಾಗ ಸೀದಿದ್ಯಾ, ಮುಗ್ಗಲು ಹಿಡಿದಿದ್ಯಾ, ಎಲ್ಲಾ ಹೊರಗೆ ಬರ್ಲಿ ಅಂತ ಬೇಕು ಬೇಕಂತಲೇ ಅತಿಯಾಗಿ ಮಾಡೋದು. ಒಂದು ಗುಟುಕು ಸೊರ್ ಅಂತ ಎಳೆದು ಉಗಿದುಬಿಡ್ತೀವಿ. ಮನೆಲಿ ಕೂತು ಪೂರ್ತಿ ಲೋಟ ಕುಡಿಯೋರಿಗೆ ಆ ಲೆಕ್ಕ ಬೇಡ.

ಉಳಿದಿದ್ದೆಲ್ಲ ಸಣ್ಣ ವಿಷಯ. ಪಿಂಗಾಣಿ ಟೀಪಾಟ್ ಬೇಡ, ಎರಡು ಸ್ಟೀಲ್ ಪಾತ್ರೆ, ಒಂದು ಟೀ ಸೋಸೋ ಜಾಲರಿ ಸಾಕು. ಎಲೆ ತುಂಬಿ ಲೋಟದಲ್ಲಿ ಮುಳುಗಿಸೋ ಸರಪಳಿ ಕಟ್ಟಿದ ಗುಂಡು ಜಾಲರಿ ಬರತ್ತಲ್ಲ, ಅದು ತಗೋಬೇಡಿ, ಎಲೆ ಬಿಚ್ಕೊಳೋಕೆ ಜಾಗನೇ ಇರಲ್ಲ ಅದರಲ್ಲಿ. ಥರ್ಮಾಮೀಟರ್ ಬಗ್ಗೆ ತುಂಬಾ ಜನ ಕೇಳ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿ ಹತ್ತಿರಕ್ಕೇ ಕುದ್ದುಬಿಡತ್ತೆ, ಬ್ಲ್ಯಾಕ್ ಟೀಗೆ, ಅಂದ್ರೆ ಇಲ್ಲಿವರೆಗೆ ಹೇಳಿದ ಎಲೆಗಳಿಗೆಲ್ಲ, ಕುದಿ ಬಂದ ತಕ್ಷಣ ಸ್ಟವ್ ಆರಿಸಿ ಎಲೆ ಮೇಲೆ ಸುರೀರಿ, ಏನೂ ಆಗಲ್ಲ. ಗ್ರೀನ್ ಟೀಗೆ ಮಾತ್ರ ಕುದ್ದ ನೀರನ್ನ ಒಂದೆರಡು ಸಲ ಲೋಟದಿಂದ ಲೋಟಕ್ಕೆ ಹಾಕಿ, ಸ್ವಲ್ಪ ಆರಿದ ಮೇಲೆ ಎಲೆಗೆ ಹಾಕಿ. ಬೋರ್‌ವೆಲ್ ನೀರಲ್ಲಿ ಮಾಡಿದ್ರೆ ಟೀ ಮೇಲೆ ಕೆನೆ ಥರ ಪದರ ಕಟ್ಟತ್ತೆ, ಮಬ್ಬಾಗತ್ತೆ, ಅದು ಗಡಸು ನೀರಿನ ಗುಣ, ಎಲೆದಲ್ಲ. ಕಾವೇರಿ ನೀರು ಬರೋ ಮನೆಗಳಲ್ಲಿ ಈ ಕಾಟ ಕಮ್ಮಿ. ಡಬ್ಬಿನ ಸಾರಿನ ಪುಡಿ, ಇಂಗಿನ ಪಕ್ಕ ಇಡಬೇಡಿ, ಟೀ ಎಲ್ಲಾ ವಾಸನೆ ಎಳ್ಕೊಳತ್ತೆ.

ತೂಕ ಇಳಿಯತ್ತಾ ಅಂತ ಕೇಳ್ಕೊಂಡು ಬರೋರಿಗೆ ನನ್ನ ಹತ್ರ ಉತ್ತರ ಇಲ್ಲ. ಹಿಮೋಗ್ಲೋಬಿನ್ ಕಮ್ಮಿ ಇರೋರು ಊಟದ ಜೊತೆ ಟೀ ಕುಡಿಯೋ ಮುಂಚೆ ಡಾಕ್ಟರನ್ನ ಒಂದು ಮಾತು ಕೇಳಿ, ಟೀ ಊಟದಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತೋದನ್ನ ಕಮ್ಮಿ ಮಾಡತ್ತೆ.

ಮೊದಲು ಏನು ತಗೋಬೇಕು ಅಂದ್ರೆ ನಾನು ಡಾರ್ಜಿಲಿಂಗ್ ಕೊಡಲ್ಲ, ನೀಲಗಿರಿ ಎಲೆ 50 ಗ್ರಾಂ ಕೊಡ್ತೀನಿ. ಸ್ವಲ್ಪ ಹೊತ್ತು ಹೆಚ್ಚಾದ್ರೂ ಅಷ್ಟು ಬೇಗ ಮುನಿಸ್ಕೊಳಲ್ಲ ಅದು. 100 ಗ್ರಾಂಗೆ 400 ರೂಪಾಯಿದು ತಗೊಂಡ್ರೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಲೋಟಕ್ಕೆ 10 ರೂಪಾಯಿ ಬೀಳತ್ತೆ, ದುಬಾರಿ ಅಂತ ಎಲೆ ಕಮ್ಮಿ ಹಾಕೋರು ಈ ಲೆಕ್ಕ ಒಂದ್ಸಲ ನೋಡಿ.

ಶಿರಸಿ ಕಡೆಯ ಒಬ್ರು ಅಜ್ಜಿ ಮಗಳ ಮನೆಗೆ ಬಂದಾಗೆಲ್ಲ ನನ್ನ ಅಂಗಡಿಗೆ ಬರ್ತಾರೆ. ಕಷಾಯ ಕುಡಿದು ಬೆಳೆದ ಜೀವ, ಇವರಿಗೆ ಹೇಗಪ್ಪಾ ಹೇಳೋದು ಅಂತ ಮೊದಲ ದಿನ ಯೋಚಿಸ್ತಿದ್ದೆ. ನಾನು ಮೂರು ನಿಮಿಷ ಎಣಿಸಿ ಸೋಸೋದನ್ನ ನೋಡಿ ಅವರೇ ಅಂದ್ರು, "ಹಂಗಂದ್ರೆ ಇದು ತಂಬುಳಿಗೆ ದೊಡ್ಡಪತ್ರೆ ಬಾಡಿಸಿದ ಹಂಗೆ ಅಲ್ದನೇ ತಂಗಿ, ಚೂರು ಹೆಚ್ಚಾದ್ರೆ ಹೋತು." ಹನ್ನೆರಡು ವರ್ಷ ಈ ಕೆಲಸ ಮಾಡಿ ನಂಗೆ ಈ ಹೋಲಿಕೆ ಹೊಳೆದಿರಲಿಲ್ಲ, ಈಗ ಎಲ್ರಿಗೂ ಅದನ್ನೇ ಹೇಳ್ತೀನಿ.

ರಾಯರಿಗೂ ಅವತ್ತು ಅಲ್ಲೇ ಕೂರಿಸಿ, ಅವರದೇ ಪ್ಯಾಕೆಟ್‌ನಿಂದ ಎರಡೂವರೆ ಗ್ರಾಂ ತೂಗಿ, ಅವರ ಕೈಲೇ ವಾಚ್ ನೋಡಿಸಿ ಟೀ ಮಾಡಿಕೊಟ್ಟೆ. ತಿಳಿ ಹಳದಿ ಇತ್ತು. ಬಣ್ಣ ನೋಡಿ ಮುಖ ಸಣ್ಣ ಮಾಡ್ಕೊಂಡ್ರು, ಕುಡಿದ್ರು, ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಎಲೆ ಎಸೀಬೇಡಿ ಸರ್ ಅಂತ ಅದಕ್ಕೇ ಇನ್ನೊಂದು ಸಲ ಬಿಸಿ ನೀರು ಹಾಕಿ ನಾಲ್ಕು ನಿಮಿಷ ಬಿಟ್ಟೆ, ಒಳ್ಳೆ ಎಲೆ ಎರಡನೇ ನೀರಿಗೂ ಚೆನ್ನಾಗೇ ಬಿಡತ್ತೆ. ಅದನ್ನ ಅವರು ಕುಡೀಲಿಲ್ಲ. "ಒಂದು ನಿಮಿಷ ಇರಮ್ಮ, ನಮ್ಮನೆಯವಳನ್ನ ಕರ್ಕೊಂಡು ಬರ್ತೀನಿ" ಅಂತ ಎದ್ದು ಹೋದ್ರು.